ಜಪಾನಿನ ಸಣ್ಣ ಸ್ಕೀ ರೆಸಾರ್ಟಿಗೆ ಮಗುವಿನ ಜತೆ: ಯಾವುದು ಮೊದಲು, ಯಾವುದು ಆಮೇಲೆ

ಒಂಬತ್ತಕ್ಕೆ ಬೂಟು ಹಾಕಿಸಿ, ಹತ್ತಕ್ಕೆ ಲಿಫ್ಟ್ (ಬೆಟ್ಟದ ಮೇಲಕ್ಕೆ ಒಯ್ಯುವ, ತಂತಿಗೆ ತೂಗುಬಿಟ್ಟ ಕುರ್ಚಿ) ಹತ್ತಿಸಿ, ಹನ್ನೊಂದಕ್ಕೆ ರಚ್ಚೆ ಹಿಡಿದ ಮಗುವನ್ನು ಹೊತ್ತುಕೊಂಡು ಕೆಳಗಿಳಿಯುವುದು. ಜಪಾನಿಗೆ ಸ್ಕೀ ಮಾಡಲು ಹೋಗಿಬಂದ ಎಷ್ಟೋ ಮನೆಗಳಲ್ಲಿ ಇದೇ ಕಥೆ. 'ನಮ್ಮ ಮಗೂಗೆ ಹಿಮ ಆಗಿಬರಲ್ಲ' ಎಂದು ಅಲ್ಲಿಗೇ ಕೈಬಿಡುತ್ತಾರೆ. ವಿಚಾರಿಸಿ ನೋಡಿದರೆ ಎಡವಟ್ಟಾಗಿರುವುದು ಕ್ರಮದಲ್ಲಿ: ನಿದ್ದೆ ಸರಿಹೋಗುವ ಮೊದಲೇ ಹಿಮ, ಬೂಟು ಸರಿಯಾಗುವ ಮೊದಲೇ ಪಾಠ, ನಿಲ್ಲಲು ಬರುವ ಮೊದಲೇ ಲಿಫ್ಟು.

ಈ ಮಾರ್ಗದರ್ಶಿ ನಾಲ್ಕರಿಂದ ಎಂಟು ವರ್ಷದೊಳಗಿನ, ಎಂದೂ ಸ್ಕೀ ಹಾಕಿರದ ಮಗುವಿನ ಅಪ್ಪ ಅಮ್ಮಂದಿರಿಗೆ. ನಿಮಗೂ ಸ್ಕೀ ಬಾರದಿದ್ದರೆ ಅಡ್ಡಿಯಿಲ್ಲ. ಆದರೆ ಇಬ್ಬರಲ್ಲಿ ಒಬ್ಬರು ಮೊದಲ ದಿನವಿಡೀ ಸ್ಕೀ ಹಾಕದೆ, ಬರೀ ಹಿಮದ ಬೂಟಿನಲ್ಲಿ ಮಗುವಿನ ಪಕ್ಕ ಓಡಾಡಲು ಸಿದ್ಧರಿರಬೇಕು. ಯಾರು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಳ್ಳಿ, ಬೆಟ್ಟದ ಬುಡದಲ್ಲಿ ನಿಂತು ಚೌಕಾಸಿ ಬೇಡ.

## ಹಂತ 1: ದಿನ ಗೊತ್ತುಮಾಡುವುದು

ಹಿಮ ನೆಚ್ಚಿಕೊಳ್ಳುವಷ್ಟು ಇರುವುದು ಜನವರಿ ನಡುವಿನಿಂದ ಫೆಬ್ರವರಿ ಕೊನೆಯವರೆಗೆ. ಅದರಲ್ಲೂ ಕೆಲವು ದಿನ ಬಿಡಬೇಕು: ಜನವರಿಯ ಎರಡನೇ ಸೋಮವಾರಕ್ಕೆ ಅಂಟಿದ ವಾರಾಂತ್ಯ, ಫೆಬ್ರವರಿ 11 ಮತ್ತು 23ರ ರಜೆಗಳು. ಡಿಸೆಂಬರ್ 28ರಿಂದ ಜನವರಿ 3ರವರೆಗೆ ಜಪಾನೇ ರಜೆಯ ಮೇಲಿರುತ್ತದೆ. ರೈಲು, ಕೋಣೆ, ಮಕ್ಕಳ ಅಳತೆಯ ಬೂಟು, ಯಾವುದೂ ಸಲೀಸಾಗಿ ಸಿಗುವುದಿಲ್ಲ.

ಬೆಂಗಳೂರಿನಿಂದ ಬರುವವರಿಗೆ ಶಾಲೆಯ ರಜೆಯದೇ ತಾಪತ್ರಯ. ದಸರಾ ರಜೆಗೆ ಹಿಮ ಬಿದ್ದಿರುವುದಿಲ್ಲ. ಕ್ರಿಸ್‌ಮಸ್ ರಜೆಗೆ ತಗ್ಗಿನ ಸಣ್ಣ ರೆಸಾರ್ಟುಗಳಲ್ಲಿ ಒಂದೆರಡು ಲಿಫ್ಟಷ್ಟೇ ತೆರೆದಿರಬಹುದು. ಆ ದಿನಗಳಲ್ಲಿ ಯಂತ್ರದಿಂದ ಹಿಮ ಮಾಡುವ ಕರುಯಿಜಾವಾ ಪ್ರಿನ್ಸ್ ಹೋಟೆಲ್ ಸ್ಕೀ ರೆಸಾರ್ಟಿನಂಥ ಜಾಗವನ್ನೇ ಹಿಡಿಯಬೇಕು. ಏಪ್ರಿಲ್ ರಜೆಯ ಹೊತ್ತಿಗೆ ಸಣ್ಣವು ಹೆಚ್ಚುಕಡಿಮೆ ಬಾಗಿಲು ಹಾಕಿರುತ್ತವೆ. ಎತ್ತರದ ಕಾಗುರಾದಂಥವು ಉಳಿದರೂ ಮೊದಲ ಸಲದ ಮಗುವಿಗೆ ಅವು ಹೇಳಿಸಿದ್ದಲ್ಲ. ನಾಲ್ಕು ದಿನ ಶಾಲೆ ತಪ್ಪಿಸಿ ಫೆಬ್ರವರಿಯಲ್ಲಿ ಬರುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ಮೇಡಂಗೆ ಏನು ಹೇಳುತ್ತೀರೋ ಅದು ನಿಮಗೆ ಬಿಟ್ಟದ್ದು.

ಎಚ್ಚರಿಕೆ: ವಾರದ ನಡುವಿನ ದಿನ ಜನ ಕಡಿಮೆ, ದರವೂ ಕಡಿಮೆ. ಆದರೆ ಸಣ್ಣ ರೆಸಾರ್ಟುಗಳಲ್ಲಿ ಮಕ್ಕಳ ಆಟದ ಜಾಗ, ಅಲ್ಲಿ ಮಕ್ಕಳನ್ನು ಮೇಲಕ್ಕೆ ಒಯ್ಯುವ ಚಲಿಸುವ ಪಟ್ಟಿ, ಕೆಲವು ಲಿಫ್ಟುಗಳು ಶನಿವಾರ, ಭಾನುವಾರ ಮತ್ತು ರಜಾದಿನ ಮಾತ್ರ ನಡೆಯುವುದುಂಟು. ರೆಸಾರ್ಟಿನ ಕ್ಯಾಲೆಂಡರ್ ಪುಟವನ್ನು ಫೋನಿನ ಅನುವಾದಕದಲ್ಲಿ ತೆರೆದು, ನೀವು ಹೋಗುವ ತಾರೀಖಿಗೆ ಯಾವುದು ನಡೆಯುತ್ತದೆ ಎಂದು ನೋಡಿಯೇ ಕೋಣೆ ಹಿಡಿಯಿರಿ.

## ಹಂತ 2: ಜಾಗ ಆರಿಸುವುದು

ಹೆಚ್ಚಿನವರು ಮೊದಲು ಹೋಟೆಲು ನೋಡುತ್ತಾರೆ. ಮೊದಲು ನೋಡಬೇಕಾದದ್ದು ಇಳಿಜಾರುಗಳ ನಕ್ಷೆ. ಪ್ರತಿ ರೆಸಾರ್ಟಿನ ತಾಣದಲ್ಲೂ ಅದು ಇರುತ್ತದೆ. ಜಪಾನಿನಲ್ಲಿ ಹಸಿರು ಗೆರೆ ಹೊಸಬರಿಗೆ, ಕೆಂಪು ಮಧ್ಯಮರಿಗೆ, ಕಪ್ಪು ಪಳಗಿದವರಿಗೆ.

ನಕ್ಷೆಯಲ್ಲಿ ಮೊದಲು ಹುಡುಕಬೇಕಾದದ್ದು ಬೇಲಿ ಹಾಕಿದ ಮಕ್ಕಳ ಜಾಗ, ಅದರೊಳಗೆ ನಿಂತರೆ ಮೇಲಕ್ಕೆ ಒಯ್ಯುವ ಚಲಿಸುವ ಪಟ್ಟಿ. ವಿಮಾನ ನಿಲ್ದಾಣದ ಪಟ್ಟಿಯನ್ನು ಸ್ವಲ್ಪ ಓರೆ ಮಾಡಿಟ್ಟಂತೆ ಇರುತ್ತದೆ. ಇದಿಲ್ಲದ ಜಾಗದಲ್ಲಿ ಮಗು ಒಂದು ಸಲ ಜಾರಲು ಹತ್ತು ನಿಮಿಷ ಏರು ಹತ್ತಬೇಕು, ಮೂರನೇ ಸಲಕ್ಕೆ ಸುಸ್ತು. ಎರಡನೆಯದು ಲಿಫ್ಟು. ಹಸಿರು ಇಳಿಜಾರಿನ ಲಿಫ್ಟ್ ಇಬ್ಬರು ಅಥವಾ ನಾಲ್ವರು ಕೂರುವಂಥದ್ದಾಗಿರಬೇಕು. ಹಳೆಯ ಸಣ್ಣ ರೆಸಾರ್ಟುಗಳಲ್ಲಿ ಒಬ್ಬರೇ ಕೂರುವ ಲಿಫ್ಟುಗಳು ಇನ್ನೂ ಇವೆ, ಪುಟ್ಟ ಮಗುವನ್ನು ಅದರಲ್ಲಿ ಒಂಟಿಯಾಗಿ ಕೂರಿಸುವಂತಿಲ್ಲ. ಇಬ್ಬರು ಕೂರುವ ಎಷ್ಟೋ ಲಿಫ್ಟುಗಳಿಗೆ ಮುಂದೆ ಅಡ್ಡ ಸರಳೇ ಇರುವುದಿಲ್ಲ. ಚಿತ್ರಗಳಲ್ಲಿ ಇದನ್ನು ಹಿಗ್ಗಿಸಿ ನೋಡಿ. ಮೂರನೆಯದಾಗಿ, ವಿಶ್ರಾಂತಿಯ ಕಟ್ಟಡ ಮಕ್ಕಳ ಜಾಗದಿಂದ ನೂರು ಹೆಜ್ಜೆಯೊಳಗಿರಬೇಕು. ಸ್ಕೀ ಬೂಟಿನಲ್ಲಿ ಮಗು ಅದಕ್ಕಿಂತ ದೂರ ನಡೆಯುವುದಿಲ್ಲ, ನೀವು ಹೊರಬೇಕಾಗುತ್ತದೆ.

ಟೋಕಿಯೊದಿಂದ ಹೊರಡುವವರಿಗೆ ನೀಗಾತ ಪ್ರಾಂತ್ಯದ ಯುಜಾವಾ ಪಟ್ಟಣ ಎಲ್ಲಕ್ಕಿಂತ ಸಲೀಸು. ಅತಿವೇಗದ ರೈಲಾದ ಜೊಯೆತ್ಸು ಶಿಂಕಾನ್‌ಸೆನ್‌ನಲ್ಲಿ ಎಚಿಗೊ-ಯುಜಾವಾ ಸುಮಾರು 80 ನಿಮಿಷ. ಅಲ್ಲಿ ಯುಜಾವಾ ನಕಾಜಾತೊ ರೆಸಾರ್ಟ್ ಎಚಿಗೊ-ನಕಾಜಾತೊ ನಿಲ್ದಾಣಕ್ಕೇ ಅಂಟಿಕೊಂಡಿದೆ. ಹಳೆಯ ರೈಲು ಬೋಗಿಗಳನ್ನು ಸಾಲಾಗಿ ನಿಲ್ಲಿಸಿ ವಿಶ್ರಾಂತಿಯ ಜಾಗ ಮಾಡಿದ್ದಾರೆ, ಮಕ್ಕಳಿಗೆ ಅದೇ ಅರ್ಧ ಆಕರ್ಷಣೆ. ಪಕ್ಕದ ಇವಾಪ್ಪರಾ ರೆಸಾರ್ಟಿನ ಬುಡದ ಇಳಿಜಾರು ಅಗಲವಾಗಿ, ನಿಧಾನವಾಗಿದೆ. ಗಾಲಾ ಯುಜಾವಾ ಸಣ್ಣದೇನಲ್ಲ, ಆದರೆ ಶಿಂಕಾನ್‌ಸೆನ್ ನಿಲ್ದಾಣದ ಕಟ್ಟಡದೊಳಗೇ ಬಾಡಿಗೆ ಅಂಗಡಿ, ಗೊಂಡೊಲಾ (ಬೆಟ್ಟಕ್ಕೆ ಒಯ್ಯುವ ಮುಚ್ಚಿದ ಕೇಬಲ್ ಕಾರು) ಎರಡೂ ಇರುವುದರಿಂದ ಒಂದೇ ದಿನಕ್ಕೆ ಹಿಮ ಕಂಡುಬರುವವರಿಗೆ ಒಗ್ಗುತ್ತದೆ. ಮ್ಯೋಕೊ ಕಡೆಯ ಇಕೆನೊತೈರಾ ಒನ್ಸೆನ್ ಕೂಡ ಹೊಸಬರಿಗೆ ಹಿತವಾದ ಇಳಿಜಾರಿಗೆ ಹೆಸರುವಾಸಿ. ಸಪ್ಪೊರೊದಲ್ಲಿ ಇಳಿದವರು ತಾಕಿನೊ ಸುಜುರಾನ್ ಉದ್ಯಾನದ ಚಳಿಗಾಲದ ಅಂಗಳವನ್ನು ನೋಡಬಹುದು. ಪುಟ್ಟ ಸ್ಕೀ ಇಳಿಜಾರೂ ಇದೆ, ಟ್ಯೂಬಿನ ಮೇಲೆ ಕೂತು ಜಾರುವ ಆಟವೂ ಇದೆ. ಆದರೆ ಹೊಕ್ಕೈಡೊದ ಬೆಟ್ಟಗಳಲ್ಲಿ ಮೈನಸ್ 10 ಡಿಗ್ರಿ ಮಾಮೂಲು. ಯುಜಾವಾದ ಬುಡದಲ್ಲಿ ಸೊನ್ನೆಯ ಆಸುಪಾಸು. ಮೊದಲ ಸಲಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

## ಹಂತ 3: ಪ್ರಯಾಣ

ಬೆಂಗಳೂರಿನಿಂದ ನರಿತಾಗೆ ಜಪಾನ್ ಏರ್‌ಲೈನ್ಸ್ ನೇರ ವಿಮಾನವಿದೆ. ಇಳಿದ ದಿನವೇ ಬೆಟ್ಟಕ್ಕೆ ಓಡಬೇಡಿ. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಗ್ಗೆ ಏಳಕ್ಕೆ ಎಬ್ಬಿಸಿದರೆ ಮಗುವಿನ ಮೈಗೆ ಅದು ಮಧ್ಯರಾತ್ರಿ ದಾಟಿದ ಮೂರೂವರೆ. ಹಾಗೆ ಎದ್ದ ಮಗುವಿಗೆ ಒಂಬತ್ತೂವರೆಯ ಪಾಠ ಕಾದಿರಿಸಿದರೆ ಅದು ಅಳುವುದರಲ್ಲಿ ಆಶ್ಚರ್ಯವೇನು? ಒಂದು ರಾತ್ರಿ ಟೋಕಿಯೊದಲ್ಲಿ, ಮರುದಿನ ಮಧ್ಯಾಹ್ನ ರೈಲು, ಸಂಜೆ ಬರೀ ಹಿಮದಲ್ಲಿ ಆಟ, ಸ್ಕೀ ಅದರ ಮರುದಿನ. ಯುಜಾವಾ ರೈಲುಗಳು ಟೋಕಿಯೊದೊಳಗಿನ ಉಎನೊದಲ್ಲೂ ನಿಲ್ಲುತ್ತವೆ, ಹಾಗಾಗಿ ಆ ಸುತ್ತಮುತ್ತ ತಂಗಿದರೆ ಟೋಕಿಯೊ ನಿಲ್ದಾಣದ ಜನಸಂದಣಿ ತಪ್ಪುತ್ತದೆ. ಟೋಕಿಯೊದ ನಿಶಿಕಸಾಯಿ ಕಡೆ ನೆಲೆಸಿರುವ ನಮ್ಮವರು ಬೆಳಗ್ಗೆ ಹೋಗಿ ರಾತ್ರಿ ಬರುವ ಯೋಜನೆ ಹಾಕುವುದು ಹೆಚ್ಚು. ಬರೀ ಹಿಮದ ಆಟಕ್ಕಾದರೆ ಸರಿ, ಸ್ಕೀ ಕಲಿಸಲು ಒಂದು ರಾತ್ರಿಯಾದರೂ ಉಳಿಯಿರಿ.

ಶಿಂಕಾನ್‌ಸೆನ್‌ನಲ್ಲಿ 6ರಿಂದ 11 ವರ್ಷದವರಿಗೆ ಅರ್ಧ ದರ. ಅದಕ್ಕೂ ಚಿಕ್ಕವರು ತೊಡೆಯ ಮೇಲೆ ಕೂತರೆ ದರವಿಲ್ಲ, ಪ್ರತ್ಯೇಕ ಸೀಟು ಕಾದಿರಿಸಿದರೆ ಕೊಡಬೇಕು. ದೊಡ್ಡ ಸೂಟ್‌ಕೇಸನ್ನು ಟೋಕಿಯೊದ ಹೋಟೆಲಿನಿಂದ ಬೆಟ್ಟದ ಹೋಟೆಲಿಗೆ ತಾಕ್ಯುಬಿನ್ ಎಂಬ ಸಾಮಾನು ತಲುಪಿಸುವ ಸೇವೆಯಲ್ಲಿ ಹಿಂದಿನ ದಿನವೇ ಕಳಿಸಿಬಿಡಿ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ತಿಂಡಿಯ ಚೀಲ, ಅಷ್ಟೇ ಇರಲಿ.

ಬಾಡಿಗೆ ಕಾರು ಮೊದಲ ಸಲಕ್ಕೆ ಬೇಡ. ಭಾರತದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಜಪಾನಿನಲ್ಲಿ ನಡೆಯುತ್ತದೆ ನಿಜ. ಆದರೆ ಹಿಮದ ಟೈರಿದ್ದ ಮಾತ್ರಕ್ಕೆ ಹಿಮದ ಮೇಲೆ ಬ್ರೇಕು ಒತ್ತುವ ಅಭ್ಯಾಸ ಬಂದಿರುವುದಿಲ್ಲ. ಓಡಿಸಿಯೇ ಸಿದ್ಧ ಎನ್ನುವವರು 6 ವರ್ಷದೊಳಗಿನ ಮಗುವಿಗೆ ಚೈಲ್ಡ್ ಸೀಟ್ ಕಡ್ಡಾಯ ಎಂಬುದನ್ನು ಮರೆಯಬೇಡಿ.

ವಿಮೆಯ ಕಾಗದವನ್ನು ಹೊರಡುವ ಮೊದಲು ಓದಿ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಚಳಿಗಾಲದ ಕ್ರೀಡೆಗಳನ್ನು ಹೊರಗಿಟ್ಟಿರುವುದುಂಟು. 'ಸ್ಕೀ' ಎಂಬ ಪದ ಯಾವ ಪಟ್ಟಿಯಲ್ಲಿದೆ ಎಂದು ಕಣ್ಣಾರೆ ನೋಡಿ, ಏಜೆಂಟರ ಬಾಯಿಮಾತು ಸಾಲದು.

## ಹಂತ 4: ಬಟ್ಟೆ

ನಮ್ಮವರ ದೊಡ್ಡ ತಪ್ಪು ಹತ್ತಿ. ಹತ್ತಿಯ ಬನಿಯನ್, ಹತ್ತಿಯ ಸಾಕ್ಸ್, ಮೇಲೆ ಅಜ್ಜಿ ಹೆಣೆದ ಸ್ವೆಟರ್. ಮಗು ಹಿಮದಲ್ಲಿ ಹೊರಳಾಡಿ ಬೆವರುತ್ತದೆ, ಹತ್ತಿ ಆ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಕೂಡಲೇ ಚಳಿ ಹಿಡಿಯುತ್ತದೆ.

ಮೈಗೆ ತಾಗುವಂತೆ ಉಣ್ಣೆಯ ಅಥವಾ ಪಾಲಿಯೆಸ್ಟರ್‌ನ ಥರ್ಮಲ್, ಅದರ ಮೇಲೆ ಫ್ಲೀಸ್, ಎಲ್ಲಕ್ಕಿಂತ ಹೊರಗೆ ನೀರು ಇಳಿಯದ ಸ್ನೋ ಸೂಟ್. ಮೂರೇ ಪದರ. ಸ್ವೆಟರಿನ ಮೇಲೆ ಸ್ವೆಟರ್ ಹಾಕಿದರೆ ಕೈ ಮಡಚಲಾಗದೆ ಮಗು ಬಿದ್ದಲ್ಲೇ ಬಿದ್ದಿರುತ್ತದೆ.

ಸ್ನೋ ಸೂಟು, ಸ್ಕೀ, ಬೂಟು, ಹೆಲ್ಮೆಟ್ ಬಾಡಿಗೆಗೆ ಸಿಗುತ್ತವೆ. ಕೈಗವಸು, ಗಾಗಲ್, ಟೋಪಿ, ಸಾಕ್ಸ್ ಸಾಮಾನ್ಯವಾಗಿ ಸಿಗುವುದಿಲ್ಲ, ಕೊಂಡೇ ತೀರಬೇಕು. ಬೆಂಗಳೂರಿನ ಡೆಕಾಥ್ಲಾನ್‌ನಲ್ಲಿ ಕೊಂಡುಕೊಳ್ಳಬಹುದು. ಜಪಾನಿನಲ್ಲಿರುವವರಿಗೆ ನಿಶಿಮಾತ್ಸುಯದಂಥ ಮಕ್ಕಳ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತವೆ, ಆದರೆ ಚಳಿಗಾಲದ ಆರಂಭದಲ್ಲೇ ಹೋಗಿ. ಕೈಗವಸು ಬೆರಳು ಬೆರಳಾಗಿ ಬಿಡಿಸಿದ್ದು ಬೇಡ, ನಾಲ್ಕು ಬೆರಳೂ ಒಟ್ಟಿಗೆ ಇರುವಂಥದ್ದು ಬೆಚ್ಚಗೆ, ತೊಡಿಸುವುದೂ ಸುಲಭ. ಎರಡು ಜತೆ ಇಟ್ಟುಕೊಳ್ಳಿ, ಮಧ್ಯಾಹ್ನಕ್ಕೆ ಮೊದಲನೆಯದು ತೊಯ್ದಿರುತ್ತದೆ. ಸಾಕ್ಸ್ ಮೊಣಕಾಲ ತನಕ ಬರುವ ಒಂದೇ ಒಂದು ಜತೆ. ಚಳಿ ಎಂದು ಎರಡು ಹಾಕಿದರೆ ಬೂಟು ಬಿಗಿದು, ರಕ್ತ ಸರಿಯಾಗಿ ಹರಿಯದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ.

ಮೋಡ ಮುಚ್ಚಿದ್ದರೂ ಸನ್‌ಸ್ಕ್ರೀನ್ ಹಚ್ಚಿ. ಹೊಸ ಹಿಮ ನೇರಳಾತೀತ ಕಿರಣದ ಶೇ 80ರಷ್ಟನ್ನು ಮುಖಕ್ಕೇ ಎರಚುತ್ತದೆ. ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಬುಡಕ್ಕೂ ಹಚ್ಚಬೇಕು.

ಊರಲ್ಲಿ ಓಡಾಡಲು ನೀರಿಳಿಯದ ಬೂಟು ಬೇರೆ ಬೇಕು. ಯುಜಾವಾದಂಥ ಊರುಗಳಲ್ಲಿ ಹಿಮ ಕರಗಿಸಲು ರಸ್ತೆಯ ನಡುವಿನ ಪೈಪಿನಿಂದ ಅಂತರ್ಜಲ ಚಿಮ್ಮಿಸುತ್ತಾರೆ. ನಿಲ್ದಾಣದಿಂದ ಹೋಟೆಲಿಗೆ ನಡೆಯುವಷ್ಟರಲ್ಲಿ ಕ್ಯಾನ್ವಾಸ್ ಶೂ ಚೊಂಬಾಗಿರುತ್ತದೆ.

## ಹಂತ 5: ಹೊಟ್ಟೆಪಾಡು

ಸಸ್ಯಾಹಾರಿಗಳಿಗೆ ಸಣ್ಣ ರೆಸಾರ್ಟಿನ ಕ್ಯಾಂಟೀನು ಕಷ್ಟವೇ. ತರಕಾರಿ ಕಂಡರೂ ಕರಿ ರೈಸಿನ ಸಾರಿನಲ್ಲಿ ಮಾಂಸದ ಸತ್ವ ಅಥವಾ ಕೊಬ್ಬು ಇರುತ್ತದೆ, ಉದಾನ್ ಎಂಬ ದಪ್ಪ ನೂಡಲ್ಸಿನ ಸಾರು ಮೀನಿನದು. ಅಲ್ಲಿ ಧೈರ್ಯವಾಗಿ ಕೇಳಬಹುದಾದದ್ದು ಬರೀ ಅನ್ನ. ಫ್ರೆಂಚ್ ಫ್ರೈಸ್ ತೆಗೆದುಕೊಳ್ಳುವ ಮುನ್ನ ಯಾವ ಎಣ್ಣೆ ಎಂಬುದಕ್ಕೆ ತಲೆಕೆಡಿಸಿಕೊಳ್ಳುತ್ತೀರಾ ಇಲ್ಲವಾ ಎಂದು ನೀವೇ ನಿರ್ಧರಿಸಿ. ಕನ್ವೀನಿಯೆನ್ಸ್ ಅಂಗಡಿಯಲ್ಲಿ ಬಿಸಿಮಾಡಿದರೆ ತಿನ್ನಬಹುದಾದ ಅನ್ನದ ಡಬ್ಬಿ ಸಿಗುತ್ತದೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಅವಲಕ್ಕಿ ಅಥವಾ ಉಪ್ಪಿಟ್ಟಿನ ಪೊಟ್ಟಣ ಜತೆಗಿದ್ದರೆ ಊಟ ಮುಗಿದಂತೆ. ಹಣ್ಣು, ಹಸಿ ತರಕಾರಿ, ಕರಿಬೇವಿನ ಸೊಪ್ಪು, ಮಾಂಸದ ಪದಾರ್ಥ ಸೂಟ್‌ಕೇಸಿನಲ್ಲಿ ಬೇಡ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ.

ಮನೆಯ ಬುತ್ತಿಯನ್ನು ಕ್ಯಾಂಟೀನಿನ ಮೇಜಿನಲ್ಲಿ ಬಿಚ್ಚಲು ಎಷ್ಟೋ ಕಡೆ ಬಿಡುವುದಿಲ್ಲ. ಅದಕ್ಕೆಂದೇ ಬೇರೆ ವಿಶ್ರಾಂತಿ ಕೋಣೆ ಇರುತ್ತದೆ, ಬೆಳಗ್ಗೆಯೇ ಕೇಳಿಟ್ಟುಕೊಳ್ಳಿ. ಹನ್ನೊಂದಕ್ಕೇ ಊಟಕ್ಕೆ ಕೂತುಬಿಡಿ. ಹನ್ನೆರಡಾದರೆ ಮೇಜು ಸಿಗದು, ಮಗುವಿನ ತಾಳ್ಮೆಯೂ ಉಳಿಯದು. ಜೇಬಿನಲ್ಲಿ ಸದಾ ಎರಡು ಕಡಲೆ ಚಿಕ್ಕಿ ಇರಲಿ.

ನಗದು ಮರೆಯಬೇಡಿ. ಸಣ್ಣ ರೆಸಾರ್ಟಿನ ಊಟದ ಟಿಕೆಟ್ ಯಂತ್ರ, ಲಾಕರು, ಜಾರುಬಂಡಿಯ ಬಾಡಿಗೆ ಹಲವೆಡೆ ನೋಟು ನಾಣ್ಯಕ್ಕಷ್ಟೇ ಬಗ್ಗುತ್ತವೆ. 100 ಯೆನ್ ನಾಣ್ಯಗಳನ್ನು ಒಂದು ಹಿಡಿ ಕೂಡಿಸಿಟ್ಟುಕೊಳ್ಳಿ.

## ಹಂತ 6: ಬಾಡಿಗೆ ಅಂಗಡಿ ಮತ್ತು ಬೂಟು

ಮೊದಲ ದಿನದ ಅರ್ಧಕ್ಕರ್ಧ ಅಳು ಬೂಟಿನಿಂದ ಹುಟ್ಟುವುದು. ಈ ಹಂತಕ್ಕೆ ಮುಕ್ಕಾಲು ಗಂಟೆ ಮೀಸಲಿಡಿ. ಸಾಧ್ಯವಾದರೆ ಹಿಂದಿನ ಸಂಜೆಯೇ ಮುಗಿಸಿ.

ಮನೆಯಲ್ಲೇ ಪಾದ ಅಳೆದುಕೊಳ್ಳಿ. ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಕಾಗದದ ಮೇಲೆ ನಿಲ್ಲಿಸಿ, ಹೆಬ್ಬೆರಳ ತುದಿಗೆ ಗೀಟು ಹಾಕಿ. ಆ ಸೆಂಟಿಮೀಟರ್ ಲೆಕ್ಕವೇ ಜಪಾನಿನ ಬೂಟಿನ ಅಳತೆ. 'ಸ್ವಲ್ಪ ದೊಡ್ಡದೇ ಇರಲಿ' ಎನ್ನುವ ನಮ್ಮ ಹಳೆಯ ಚಟ ಇಲ್ಲಿ ಬೇಡ, ಇದು ಮುಂದಿನ ವರ್ಷಕ್ಕೆ ಆಗಬೇಕಾದ ಸಮವಸ್ತ್ರವಲ್ಲ. ದೊಡ್ಡ ಬೂಟಿನೊಳಗೆ ಪಾದ ತಿರುಗಿದರೂ ಸ್ಕೀ ತಿರುಗುವುದಿಲ್ಲ.

ತೊಡಿಸುವ ಕ್ರಮ ಹೀಗೆ. ಥರ್ಮಲ್ ಪ್ಯಾಂಟಿನ ಅಂಚನ್ನು ಮೀನಖಂಡದ ಮೇಲಕ್ಕೆ ಮಡಚಿ, ಬೂಟಿನೊಳಗೆ ಸಾಕ್ಸ್ ಒಂದೇ ಹೋಗಬೇಕು. ಸಾಕ್ಸಿನ ಒಂದು ಸುಕ್ಕೂ ಉಳಿಯದಂತೆ ಬೆರಳಿನಿಂದ ನೀವಿ. ಕೊಂಡಿಗಳನ್ನೆಲ್ಲ ಬಿಚ್ಚಿ, ನಾಲಗೆಯನ್ನು ಮುಂದಕ್ಕೆ ಎಳೆದು ಹಿಡಿದು ಪಾದ ಇಳಿಸಿ. ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿಸಿ, ಪಾದ ಹಿಂದಕ್ಕೆ ಹೋಗಿ ಕೂರುತ್ತದೆ. ಆಮೇಲೆ ಕೊಂಡಿ. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿಗೆ ಮೆಲ್ಲಗೆ ತಾಗಬೇಕು, ಮೊಣಕಾಲು ಮುಂದಕ್ಕೆ ಬಗ್ಗಿಸಿದರೆ ಬಿಟ್ಟುಕೊಳ್ಳಬೇಕು. ಬಗ್ಗಿದಾಗ ಹಿಮ್ಮಡಿ ಮೇಲೇಳುತ್ತಿದ್ದರೆ ಒಂದು ಅಳತೆ ಚಿಕ್ಕದು ಕೇಳಿ. ಕೊನೆಯಲ್ಲಿ ಸ್ನೋ ಪ್ಯಾಂಟಿನ ಒಳಗಿರುವ ಎಲಾಸ್ಟಿಕ್ ಪಟ್ಟಿಯನ್ನು ಬೂಟಿನ ಹೊರಗೆ ಎಳೆಯಿರಿ. ಅದನ್ನು ಒಳಗೆ ತುರುಕುವವರೇ ಹೆಚ್ಚು. ತುರುಕಿದರೆ ಹತ್ತು ನಿಮಿಷಕ್ಕೆ ಮುಂಗಾಲ ಮೂಳೆ ನೋಯುತ್ತದೆ, ಅರ್ಧ ಗಂಟೆಗೆ ಹಿಮ ಒಳಗಿಳಿಯುತ್ತದೆ.

ಸ್ಕೀಯನ್ನು ನೆಟ್ಟಗೆ ನಿಲ್ಲಿಸಿದರೆ ಮಗುವಿನ ಎದೆಯಿಂದ ಗದ್ದದ ನಡುವೆ ಬರಬೇಕು. ಕೋಲು ಬೇಡವೇ ಬೇಡ, ಕೊಟ್ಟರೂ ವಾಪಸ್ ಮಾಡಿ. ಚೀಟಿಯಲ್ಲಿ ತೂಕ, ಎತ್ತರ, ಅನುಭವ ಕೇಳುತ್ತಾರೆ. ತೂಕ ಇದ್ದದ್ದು ಇದ್ದಹಾಗೆ ಬರೆಯಿರಿ, ಅನುಭವಕ್ಕೆ 'ಮೊದಲ ಸಲ' ಎಂದೇ ಬರೆಯಿರಿ. ಬಿದ್ದಾಗ ಸ್ಕೀ ಕಳಚಿಕೊಳ್ಳುವ ಬಿಗಿಯನ್ನು ಆ ಲೆಕ್ಕದಿಂದಲೇ ತಿರುಗಿಸುತ್ತಾರೆ. ಬಿಗಿ ಹೆಚ್ಚಾಗಿ ಸ್ಕೀ ಕಳಚದಿದ್ದರೆ ಕಾಲು ತಿರುಚುತ್ತದೆ.

ಹೆಲ್ಮೆಟ್ಟಿನೊಳಗೆ ದಪ್ಪ ಉಣ್ಣೆ ಟೋಪಿ ತುರುಕಬೇಡಿ. ಗಾಗಲ್ಲಿಗೂ ಹೆಲ್ಮೆಟ್ಟಿಗೂ ನಡುವೆ ಹಣೆ ಕಾಣಬಾರದು.

ಬೂಟು ಹಾಕುವ ಮೊದಲು ಬಾತ್‌ರೂಮಿಗೆ ಕರೆದೊಯ್ಯಿರಿ. ಬೇಡ ಎಂದರೂ.

## ಹಂತ 7: ಮೊದಲ ಗಂಟೆ, ಲಿಫ್ಟ್ ಇಲ್ಲದೆ

ಲಿಫ್ಟ್ ಟಿಕೆಟ್ ಇನ್ನೂ ಕೊಳ್ಳಬೇಡಿ. ಮಕ್ಕಳ ಜಾಗಕ್ಕೆ ಪ್ರತ್ಯೇಕ ಪ್ರವೇಶ ದರ ಇರುತ್ತದೆ, ಅಷ್ಟು ಸಾಕು.

ಮೊದಲ ಕಾಲು ಗಂಟೆ ಸ್ಕೀ ಇಲ್ಲದೆ ಬರೀ ಬೂಟಿನಲ್ಲಿ ನಡೆಯಲಿ, ಹಿಮ ತಿನ್ನಲಿ, ಜಾರುಬಂಡಿಯಲ್ಲಿ ಜಾರಲಿ. ಆಮೇಲೆ ಸಮತಟ್ಟಿನಲ್ಲಿ ಒಂದು ಕಾಲಿಗೆ ಮಾತ್ರ ಸ್ಕೀ. ಬೂಟಿನ ಅಡಿಯ ಹಿಮವನ್ನು ಕೆರೆದು ತೆಗೆಯದಿದ್ದರೆ ಸ್ಕೀ ಕಚ್ಚಿಕೊಳ್ಳುವುದಿಲ್ಲ. ಇನ್ನೊಂದು ಕಾಲಿನಿಂದ ತಳ್ಳಿಕೊಂಡು ಸ್ಕೂಟರ್ ಆಟ. ಕಾಲು ಬದಲಿಸಿ ಮತ್ತೆ. ಆಮೇಲೆ ಎರಡೂ ಸ್ಕೀ, ಇನ್ನೂ ಸಮತಟ್ಟಿನಲ್ಲೇ.

ಈಗ ಬೀಳುವ ಪಾಠ. ಪಕ್ಕಕ್ಕೆ ಕುಂಡಿಯೂರಿ ಬೀಳುವುದು, ಎರಡೂ ಸ್ಕೀಯನ್ನು ಇಳಿಜಾರಿಗೆ ಅಡ್ಡವಾಗಿ ತಂದು, ಕೈಯೂರಿ ಏಳುವುದು. ಬಿದ್ದಾಗಲೆಲ್ಲ ಓಡಿಹೋಗಿ ಎತ್ತಬೇಡಿ. ಹಿಮ್ಮಡಿಯ ಹಿಂದಿನ ಪಟ್ಟಿ ಒತ್ತಿ ಸ್ಕೀ ಕಳಚುವುದನ್ನೂ ಕಲಿಸಿ. ತಾನೇ ಬಿಡಿಸಿಕೊಳ್ಳಬಲ್ಲೆ ಎಂದು ಗೊತ್ತಾದ ಮೇಲೆ ಮಕ್ಕಳ ಹೆದರಿಕೆ ಅರ್ಧ ಇಳಿಯುತ್ತದೆ.

ಜಾರಲು ಆರಿಸುವ ಜಾಗದ ಕೊನೆ ಸಮತಟ್ಟಾಗಿರಬೇಕು, ಅಥವಾ ತುಸು ಏರಾಗಿರಬೇಕು. ಸ್ಕೀ ತಾನಾಗಿ ನಿಲ್ಲುವಂಥ ಜಾಗ. ಮೂರ್ನಾಲ್ಕು ಮೀಟರಿನಿಂದ ಶುರುಮಾಡಿ. ದೊಡ್ಡವರು ಮಗುವಿನ ಕೆಳಗೆ, ಮುಖ ನೋಡುತ್ತಾ ನಿಲ್ಲಬೇಕು. ಹಿಂದಿನಿಂದ ಕಂಕುಳಿಗೆ ಕೈಹಾಕಿ ಹಿಡಿದರೆ ಮಗು ನಿಮ್ಮ ಮೇಲೆ ಒರಗುತ್ತದೆ. ಹಿಂದಕ್ಕೆ ಒರಗಿದ ಮೈಗೆ ಸ್ಕೀ ಎಂದೂ ಬಗ್ಗುವುದಿಲ್ಲ. ಹೊಸದಾಗಿ ಕಲಿಯುತ್ತಿರುವ ಅಪ್ಪಂದಿರು ಮಗುವನ್ನು ಕಾಲುಗಳ ನಡುವೆ ಇಟ್ಟುಕೊಂಡು ಜಾರುವ ಸಾಹಸ ಮಾಡುವುದನ್ನು ಪ್ರತಿ ರೆಸಾರ್ಟಿನಲ್ಲೂ ಕಾಣಬಹುದು. ಬಿದ್ದರೆ ಎಪ್ಪತ್ತು ಕಿಲೋ ಮಗುವಿನ ಮೇಲೆ ಬೀಳುತ್ತದೆ.

ನಿಲ್ಲುವುದಕ್ಕೆ ಸ್ಕೀಗಳ ತುದಿ ಹತ್ತಿರ, ಹಿಂಬದಿ ಅಗಲ. ಪಿಜ್ಜಾ ತುಂಡು ಎಂದರೆ ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ. ಜಪಾನಿನ ಶಿಕ್ಷಕರು 'ಹಾ-ನೊ-ಜಿ' ಎನ್ನುತ್ತಾರೆ. ಇಲ್ಲಿ ನಮ್ಮ 'ಸ್ಟ್ಯಾಚ್ಯೂ' ಆಟ ಚೆನ್ನಾಗಿ ಕೆಲಸ ಮಾಡುತ್ತದೆ. ಜಾರುತ್ತಿರುವಾಗ ನೀವು 'ಸ್ಟ್ಯಾಚ್ಯೂ!' ಎಂದ ಕೂಡಲೇ ಪಿಜ್ಜಾ ಮಾಡಿ ನಿಲ್ಲಬೇಕು. ನಾಲ್ಕೈದು ವರ್ಷದವರಿಗೆ ಸ್ಕೀ ತುದಿಗಳನ್ನು ಜೋಡಿಸುವ ರಬ್ಬರ್ ಕೊಂಡಿ ಉಪಯುಕ್ತ.

ಇಷ್ಟಾದ ಮೇಲೆ ಚಲಿಸುವ ಪಟ್ಟಿ. ಹತ್ತಿದ ಮೇಲೆ ಹೆಜ್ಜೆ ಇಡಬಾರದು, ಮೇಲೆ ತಲುಪಿದ ಕೂಡಲೇ ಪಕ್ಕಕ್ಕೆ ಸರಿಯಬೇಕು.

ಮುಕ್ಕಾಲು ಗಂಟೆಗೊಮ್ಮೆ ಒಳಗೆ ಬಂದು ಬಿಸಿ ಹಾಲೋ ಕೋಕೋವೋ ಕುಡಿಸಿ. ಮಗು 'ಇನ್ನೊಂದ್ಸಲ' ಎನ್ನುತ್ತಿರುವಾಗಲೇ ನಿಲ್ಲಿಸಿ.

## ಹಂತ 8: ಪಾಠ

ದುಡ್ಡು ಉಳಿಸಬೇಕಾದರೆ ಹೋಟೆಲಿನಲ್ಲಿ ಉಳಿಸಿ, ಪಾಠದಲ್ಲಿ ಬೇಡ. ಸಣ್ಣ ರೆಸಾರ್ಟಿನ ಶಾಲೆಗಳಲ್ಲಿ ಇಂಗ್ಲಿಷ್ ಬಲ್ಲ ಶಿಕ್ಷಕರು ಅಪರೂಪ, ಬೇಕೇ ಬೇಕೆಂದರೆ ಮುಂಚಿತವಾಗಿ ಬರೆದು ಕೇಳಬೇಕು. ಟೋಕಿಯೊದಲ್ಲಿ ಬೆಳೆಯುತ್ತಿರುವ ಮಗುವಿಗೆ ಈ ತೊಡಕಿಲ್ಲ. ಬೆಂಗಳೂರಿನ ಮಗುವೂ ಮಾಡಿ ತೋರಿಸಿದ್ದನ್ನು ನೋಡಿ ಕಲಿಯುತ್ತದೆ, ಆದರೆ ಗುಂಪಿಗಿಂತ ಒಬ್ಬರೇ ಶಿಕ್ಷಕರಿದ್ದರೆ ವಾಸಿ. ಕನಿಷ್ಠ ವಯಸ್ಸು ಶಾಲೆಯಿಂದ ಶಾಲೆಗೆ ಬೇರೆ, ಕೆಲವರು ಒಂದನೇ ತರಗತಿಗಿಂತ ಚಿಕ್ಕವರನ್ನು ಗುಂಪಿಗೆ ಸೇರಿಸಿಕೊಳ್ಳುವುದೇ ಇಲ್ಲ.

ಪಾಠದ ಹೊತ್ತಿನಲ್ಲಿ ಬೇಲಿಗೆ ಅಂಟಿಕೊಂಡು ಫೋಟೊ ತೆಗೆಯಬೇಡಿ. ಅಮ್ಮ ಕಂಡರೆ ಕಣ್ಣೀರು, ಕಾಣದಿದ್ದರೆ ಸುಮ್ಮನೆ ಕಲಿಕೆ. ಕಿಟಕಿಯ ಹಿಂದೆ ನಿಂತು ನೋಡಿ.

## ಹಂತ 9: ಲಿಫ್ಟ್

ಪರೀಕ್ಷೆ ಒಂದೇ: ಹೇಳಿದ ಜಾಗದಲ್ಲಿ ಸತತ ಮೂರು ಸಲ ನಿಲ್ಲಬೇಕು, ಎಡಕ್ಕೂ ಬಲಕ್ಕೂ ತಿರುಗಬೇಕು. ಆಗದಿದ್ದರೆ ಇವತ್ತು ಲಿಫ್ಟ್ ಇಲ್ಲ. ನಿಮಗೂ ಇದೇ ನಿಯಮ. ಸ್ಕೀ ಬಾರದ ದೊಡ್ಡವರು ಮಗುವಿನ ಜತೆ ಹತ್ತಬಾರದು, ಶಿಕ್ಷಕರ ಜತೆ ಕಳಿಸಬೇಕು.

ಸರದಿಯಲ್ಲಿರುವಾಗಲೇ ಲಿಫ್ಟಿನವರಿಗೆ ಮಗುವನ್ನು ತೋರಿಸಿ 'ಯುಕ್ಕುರಿ ಒನೆಗಾಯ್‌ಶಿಮಾಸು' ಎನ್ನಿ. ನಿಧಾನ ಮಾಡುತ್ತಾರೆ, ಬೇಕಾದರೆ ನಿಲ್ಲಿಸುತ್ತಾರೆ. ಇದಕ್ಕೆ ನಾಚಿಕೆ ಬೇಡ, ಜಪಾನಿನ ಅಮ್ಮಂದಿರೂ ಹೀಗೇ ಕೇಳುತ್ತಾರೆ. ಮಗು ಲಿಫ್ಟಿನವರು ನಿಂತಿರುವ ಬದಿಗಿರಲಿ, ಎತ್ತಿ ಕೂರಿಸಲು ಅವರಿಗೆ ಕೈಗೆ ಸಿಗಬೇಕು. ನಿಮ್ಮ ಕೋಲುಗಳು ಹೊರಗಿನ ಕೈಯಲ್ಲಿರಲಿ, ಮಗುವಿನ ಬದಿಯ ಕೈ ಖಾಲಿಯಿರಲಿ. ಕೂತ ಮೇಲೆ ಬೆನ್ನು ಹಿಂದಕ್ಕೆ ಒತ್ತಿರಬೇಕು, ನಿಮ್ಮ ತೋಳು ಅದರ ಎದೆಗೆ ಅಡ್ಡ. ಅಡ್ಡ ಸರಳಿದ್ದರೆ ಇಳಿಸಿ. ಕೈಗವಸು ಬಿದ್ದರೆ ಬೀಳಲಿ, ಬಗ್ಗಿ ನೋಡಲು ಬಿಡಬೇಡಿ. ಬೆನ್ನಿನ ಚೀಲ, ಜೋತಾಡುವ ಮಫ್ಲರ್ ಹತ್ತುವ ಮೊದಲೇ ತೆಗೆದಿಡಿ, ಇಳಿಯುವಾಗ ಕುರ್ಚಿಗೆ ಸಿಕ್ಕಿಕೊಳ್ಳುತ್ತವೆ.

ಇಳಿಯುವ ಜಾಗ ಹತ್ತಿರವಾದಾಗ ಸ್ಕೀ ತುದಿ ಮೇಲಕ್ಕೆ. ನೆಲಕ್ಕೆ ತಾಗಿದ ಮೇಲೆ ಎದ್ದು ನೇರಕ್ಕೆ ಜಾರುವುದು. ಬಿದ್ದರೆ ಅಲ್ಲೇ ಎದ್ದು ನಿಲ್ಲಲು ಒದ್ದಾಡದೆ ತೆವಳಿಕೊಂಡು ಪಕ್ಕಕ್ಕೆ ಸರಿಯಬೇಕು, ಲಿಫ್ಟನ್ನು ಅವರು ನಿಲ್ಲಿಸುತ್ತಾರೆ. ಮೇಲೆ ಹೋದ ಮೇಲೆ ಮಗು ಹೆದರಿ ಕೂತುಬಿಟ್ಟರೆ ಇಳಿಜಾರಿನಲ್ಲಿ ಎಳೆದಾಡಬೇಡಿ. ಲಿಫ್ಟಿನಲ್ಲೇ ಕೆಳಗೆ ಕಳಿಸುತ್ತಾರಾ ಎಂದು ಕೇಳಿ, ಇಲ್ಲವಾದರೆ ಇಳಿಜಾರಿನ ರಕ್ಷಣಾ ಸಿಬ್ಬಂದಿಯಾದ ಸ್ಕೀ ಪ್ಯಾಟ್ರೋಲ್‌ನವರನ್ನು ಕರೆಸಿ.

## ಹಂತ 10: ಕಣ್ಣಿಡಬೇಕಾದ ಲಕ್ಷಣಗಳು

ಅಳುವ ಮಗುವಿಗಿಂತ ಇದ್ದಕ್ಕಿದ್ದಂತೆ ಮೌನವಾದ ಮಗು ಅಪಾಯದಲ್ಲಿರುತ್ತದೆ. ಚಳಿಯಿಂದ ನಡುಗುತ್ತಿದ್ದ ಮಗು ನಡುಕ ನಿಲ್ಲಿಸಿ ತೂಕಡಿಸುತ್ತಿದ್ದರೆ, ಮಾತು ತೊದಲುತ್ತಿದ್ದರೆ, ನಡೆಯುವಾಗ ಮುಗ್ಗರಿಸುತ್ತಿದ್ದರೆ ತಕ್ಷಣ ಒಳಗೆ ಕರೆದೊಯ್ದು, ಒದ್ದೆ ಬಟ್ಟೆ ತೆಗೆದು, ಮೈ ಬೆಚ್ಚಗೆ ಮಾಡಿ, ಪ್ಯಾಟ್ರೋಲ್‌ನವರಿಗೆ ಹೇಳಿ. ಆಂಬುಲೆನ್ಸ್ ಸಂಖ್ಯೆ 119. ಮೂಗು, ಕೆನ್ನೆ, ಕಿವಿಯ ಮೇಲೆ ಬಿಳಿಚಿದ ಕಲೆ ಕಂಡರೆ ಉಜ್ಜಬೇಡಿ, ಹಿಮವಂತೂ ಹಚ್ಚಲೇಬೇಡಿ. ನಿಮ್ಮ ಬೆಚ್ಚನೆಯ ಅಂಗೈ ಇಟ್ಟುಕೊಂಡು ಒಳಗೆ ನಡೆಯಿರಿ. ಅಂಗಡಿಯಲ್ಲಿ ಸಿಗುವ ಬಿಸಿಯಾಗುವ ಪೊಟ್ಟಣಗಳನ್ನು ಬರಿ ಚರ್ಮಕ್ಕೆ ಅಂಟಿಸಿದರೆ ಸುಡುತ್ತವೆ, ಬಟ್ಟೆಯ ಮೇಲಷ್ಟೇ ಅಂಟಿಸಬೇಕು.

ಹೆಚ್ಚಿನವರು ಇಳಿಜಾರಿನ ಮೇ​ಲೆ ಜಾಗರೂಕರಾಗಿದ್ದು ಊರೊಳಗೆ ಮೈಮರೆಯುತ್ತಾರೆ. ಸೂರಿನಡಿ ಹಿಮದ ಗೊಂಬೆ ಮಾಡಲು ಬಿಡಬೇಡಿ. ಬಿಸಿಲು ಬಂದಾಗ ಚಾವಣಿಯ ಹಿಮ ರಾಶಿಯಾಗಿ ಒಮ್ಮೆಲೇ ಜಾರುತ್ತದೆ, ಅದರಡಿ ಸಿಕ್ಕಿ ಸಾಯುವವರು ಹಿಮದ ನಾಡಿನಲ್ಲಿ ಇದ್ದಾರೆ. ರಸ್ತೆ ಬದಿಯಲ್ಲಿ ಹಿಮ ಸುರಿಯಲೆಂದು ತೆರೆದಿಟ್ಟ ಕಾಲುವೆಗಳಿರುತ್ತವೆ, ಕೈ ಹಿಡಿದೇ ನಡೆಯಿರಿ. ಇಳಿಜಾರಿನಲ್ಲಿ ಹಗ್ಗ ಕಟ್ಟಿದ ಆಚೆಗೆ, ಮರಗಳ ಬುಡದ ಕಡೆಗೆ ಹೋಗಬಾರದು. ಅಲ್ಲಿ ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಪೊಳ್ಳಿರುತ್ತದೆ.

## ಹಂತ 11: ಸಂಜೆ ಮತ್ತು ವಾಪಸ್

ಬೂಟಿನ ಒಳಪದರ, ಕೈಗವಸು ಹೋಟೆಲಿನ ಒಣಗಿಸುವ ಕೋಣೆಗೆ ಮೊದಲು ಹೋಗಲಿ, ನೀವು ಆಮೇಲೆ ಸ್ನಾನಕ್ಕೆ. ಬಿಸಿನೀರಿನ ಒನ್ಸೆನ್‌ಗೆ ಬಟ್ಟೆಯಿಲ್ಲದೆ, ಮೊದಲು ಹೊರಗೆ ಕೂತು ಮೈ ತೊಳೆದುಕೊಂಡೇ ಇಳಿಯಬೇಕು. ಇದು ಆಗದವರು ಕೋಣೆಯಲ್ಲೇ ಸ್ನಾನವಿರುವ ಹೋಟೆಲು ಹಿಡಿಯಿರಿ, ಸಂಕೋಚ ಪಡುವ ವಿಷಯವಲ್ಲ. ಡೈಪರ್ ಬಿಡದ ಕೂಸನ್ನು ಸಾರ್ವಜನಿಕ ಕೊಳಕ್ಕೆ ಇಳಿಸಲು ಬಿಡುವುದಿಲ್ಲ. ಈಗ ಬಹಳ ಕಡೆ 7 ವರ್ಷ ತುಂಬಿದ ಮಗ ಅಮ್ಮನ ಜತೆ, ಮಗಳು ಅಪ್ಪನ ಜತೆ ಹೋಗುವಂತಿಲ್ಲ. ನೀರು ದೊಡ್ಡವರಿಗೇ ಸುಡುವಷ್ಟು ಬಿಸಿ, ಮಗುವಿಗೆ ಐದು ನಿಮಿಷ ಸಾಕು.

ಎರಡನೇ ದಿನವೂ ಹಂತ 7ರಿಂದಲೇ ಶುರು, ಈ ಸಲ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಅರ್ಧ ದಿನದ ಲಿಫ್ಟ್ ಟಿಕೆಟ್ ಸಾಕು. ಮಧ್ಯಾಹ್ನ ಎರಡರ ನಂತರದ ದಣಿದ ಕಾಲುಗಳಿಗೆ ಹೊಸದೇನನ್ನೂ ಕಲಿಸಲು ಹೋಗಬೇಡಿ.

ಹೊರಡುವ ದಿನ ಬಾಡಿಗೆ ಸಾಮಾನು ಹಿಂತಿರುಗಿಸಿ, ಲಿಫ್ಟ್ ಕಾರ್ಡಿಗೆ ಠೇವಣಿ ಕಟ್ಟಿದ್ದರೆ ಅದನ್ನು ವಾಪಸ್ ಪಡೆದು, ಆಮೇಲೆ ಲಾಕರ್ ಖಾಲಿ ಮಾಡಿ. ನಿಲ್ದಾಣಕ್ಕೆ ಹೋಗುವ ರೆಸಾರ್ಟಿನ ಉಚಿತ ಬಸ್ಸಿನ ವೇಳೆಯನ್ನು ಬೆಳಗ್ಗೆಯೇ ಫೋಟೊ ತೆಗೆದಿಟ್ಟುಕೊಳ್ಳಿ. ಸಣ್ಣ ಕಡೆ ಸಂಜೆ ಎರಡೋ ಮೂರೋ ಬಸ್ಸು ಮಾತ್ರ, ಕೆಲವಕ್ಕೆ ಮೊದಲೇ ಹೆಸರು ಬರೆಸಿರಬೇಕು. ತಪ್ಪಿಹೋದರೆ ಟಿಕೆಟ್ ಕೌಂಟರಿನವರನ್ನೇ ಟ್ಯಾಕ್ಸಿ ಕರೆಸಿಕೊಡಿ ಎಂದು ಕೇಳಿ. ಹಿಮ ಸುರಿಯುವ ದಿನ ಅದು ಬರುವುದೂ ತಡ, ಹಾಗಾಗಿ ಶಿಂಕಾನ್‌ಸೆನ್ ಟಿಕೆಟನ್ನು ಒಂದು ರೈಲು ತಡವಾಗಿಯೇ ಕಾದಿರಿಸಿ.